ಎರಡನೆಯ ವರ್ಷದಲ್ಲಿ ಎನ್‌ಎಸ್‌ಎಸ್ ಸೇರುವ ವಿದ್ಯಾರ್ಥಿನಿಯರಿಗೆ

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯನ್ನು, ಅಂದರೆ ಎನ್‌ಎಸ್‌ಎಸ್ ಅನ್ನು, ಪದವಿಯ ಮೊದಲ ವರ್ಷದಲ್ಲಿಯೇ ಸೇರಬೇಕೆಂದು ತಿಳಿದು ಹಿಂದೆ ಸರಿಯುವ ವಿದ್ಯಾರ್ಥಿನಿಯರಿದ್ದಾರೆ. ಕಬ್ಬೂರದಿಂದ ಚಿಕ್ಕೋಡಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವವರಿಗೆ ಮೊದಲ ವರ್ಷವು ಹೊಸ ಪಾಠ ಮತ್ತು ಮನೆಗೆಲಸಗಳ ನಡುವೆ ಕಳೆದುಹೋಗುವುದು ಸಹಜವಾದ್ದರಿಂದ, ಎರಡನೆಯ ವರ್ಷದ ಪ್ರವೇಶದ ಕ್ರಮವನ್ನು ತಿಳಿದಿರುವುದು ಅವಶ್ಯ.

ಪ್ರಮಾಣಪತ್ರಕ್ಕೆ ಎರಡು ವರ್ಷಗಳಲ್ಲಿ, ವರ್ಷಕ್ಕೆ 120ರಂತೆ, ಒಟ್ಟು 240 ಗಂಟೆಗಳ ಸೇವೆಯೂ ಏಳು ದಿನಗಳ ಒಂದು ವಿಶೇಷ ಶಿಬಿರವೂ ಬೇಕು. ಆದ್ದರಿಂದ ಮೂರು ವರ್ಷಗಳ ಪದವಿಯಲ್ಲಿ ಮೂರನೆಯ ಸೆಮಿಸ್ಟರಿನ ಆರಂಭವೇ ಈ ಲೆಕ್ಕ ಪೂರ್ಣಗೊಳ್ಳುವ ಕೊನೆಯ ಅವಕಾಶ.

ಮೊದಲು ಕಾರ್ಯಕ್ರಮಾಧಿಕಾರಿಯನ್ನು, ಎಂದರೆ ಘಟಕವನ್ನು ನಡೆಸುವ ಅಧ್ಯಾಪಕರನ್ನು ಕಾಣಬೇಕು. ಒಂದು ಘಟಕದಲ್ಲಿ ಸಾಮಾನ್ಯವಾಗಿ 100 ಸ್ವಯಂಸೇವಕರಿರುತ್ತಾರೆ. ಎರಡು ವರ್ಷ ಪೂರೈಸಿದವರು ಹೊರಟಾಗ ತೆರವಾಗುವ ಸ್ಥಾನಗಳನ್ನು ವರ್ಷಾರಂಭದಲ್ಲಿಯೇ ಕೇಳುವುದು ಒಳಿತು. ನೋಂದಣಿಯ ನಂತರ ಆ ವರ್ಷದ 120 ಗಂಟೆಗಳಲ್ಲಿ 20 ಪರಿಚಯ ತರಬೇತಿಗೂ, 30 ಕಾಲೇಜಿನ ಆವರಣದ ಕೆಲಸಕ್ಕೂ, ಉಳಿದ 70 ಊರುಗಳ ಸೇವೆಗೂ ಮೀಸಲು. ಮಾಡಿದ ಕೆಲಸವನ್ನು ಅಂದಂದೇ ದಿನಚರಿಯಲ್ಲಿ ಬರೆದು ಅಧಿಕಾರಿಯ ಸಹಿ ಪಡೆದರೆ ಮುಂದೆ ಗಂಟೆಗಳ ತಕರಾರು ಏಳದು.

ಎಲ್ಲಕ್ಕಿಂತ ಕಠಿಣವಾದದ್ದು ಶಿಬಿರ. ಆಯ್ದ ಗ್ರಾಮವೊಂದರಲ್ಲಿ ವಾರವಿಡೀ ತಂಗಿ, ಹಗಲು ಶ್ರಮದಾನ, ಸಂಜೆ ಉಪನ್ಯಾಸ ಮತ್ತು ಸಾಂಸ್ಕೃತಿಕ ಕಾರ್ಯಕ್ರಮಗಳಲ್ಲಿ ತೊಡಗಬೇಕಾಗುವುದರಿಂದ, ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಬಿಡಲು ಮನೆಯವರು ಹಿಂಜರಿಯುವುದುಂಟು. ಆ ಹಿಂಜರಿಕೆಯನ್ನು ಹಗುರವಾಗಿ ಕಾಣದೆ, ತಂಗುವ ಸ್ಥಳ, ಶೌಚಾಲಯದ ವ್ಯವಸ್ಥೆ ಮತ್ತು ಜೊತೆಗಿರುವ ಅಧ್ಯಾಪಕಿಯರ ವಿವರವನ್ನು ಮುಂಚೆಯೇ ಪಡೆದು, ಅವ್ವ-ಅಪ್ಪ ಕಾಲೇಜಿಗೆ ಬಂದು ಅಧಿಕಾರಿಯೊಡನೆ ನೇರವಾಗಿ ಮಾತನಾಡುವಂತೆ ಮಾಡುವುದೇ ಸರಿಯಾದ ದಾರಿ. ಒಂದೇ ಊರಿನ ಇಬ್ಬರು ಮೂವರು ಗೆಳತಿಯರು ಕೂಡಿ ಹೆಸರು ಕೊಟ್ಟರೆ ಒಪ್ಪಿಗೆ ಸುಲಭವಾಗುತ್ತದೆ; ತಡವಾಗಿ ಸೇರಿದವಳಿಗೆ ಘಟಕದಲ್ಲಿ ಒಂಟಿತನವೂ ಕಾಡದು. ಒಟ್ಟಿಗೆ ಅಡುಗೆ ಮಾಡಿ, ಚರಂಡಿ ಸ್ವಚ್ಛಗೊಳಿಸಿ ಬೆಳೆದ ಅಕ್ಕ-ತಂಗಿಯರ ಬಳಗವು ತರಗತಿಯ ಪರಿಚಯಕ್ಕಿಂತ ಗಟ್ಟಿಯಾದದ್ದು.

ಅಂತಿಮ ವರ್ಷದಲ್ಲಿ ಸೇರುವವರು ಸೇವೆ ಮಾಡಬಹುದಾದರೂ 240 ಗಂಟೆಗಳ ಪ್ರಮಾಣಪತ್ರಕ್ಕೆ ಕಾಲ ಸಾಲದು. ಎರಡನೆಯ ವರ್ಷಕ್ಕೆ ಕಾಲಿಡುತ್ತಿರುವ ವಿದ್ಯಾರ್ಥಿನಿಯರು ಮೂರನೆಯ ಸೆಮಿಸ್ಟರಿನ ಮೊದಲ ವಾರದಲ್ಲಿಯೇ ಹೆಸರು ನೋಂದಾಯಿಸಬೇಕು.