ಹಾಲಿನ ಗಾಡಿ ಸಿಕ್ಕೀತೇ? ಕ್ಷೇತ್ರಫಲದಿಂದ ಸಂಭವನೀಯತೆ



ಶಾಲೆಯ ಮಕ್ಕಳಿಗೆ ಸಂಭವನೀಯತೆ ಎಂದರೆ ನಾಣ್ಯ, ದಾಳ, ಇಸ್ಪೀಟು. ಇವನ್ನು ಎಣಿಸಬಹುದು. ಹೊಲವನ್ನೂ ಹೊತ್ತನ್ನೂ ಎಣಿಸಲಾಗದು, ಅಳೆಯಬೇಕು. ಆಗ ಬೇಕಾದ ಭಾಗದ ಕ್ಷೇತ್ರಫಲವನ್ನು ಒಟ್ಟು ಕ್ಷೇತ್ರಫಲದಿಂದ ಭಾಗಿಸಿರಿ. ನೆಲದ ಮೇಲೆ ಸೂಜಿ ಎಸೆಯುವ ಆಟದಿಂದ ಫ್ರಾನ್ಸಿನ ಬಫನ್ 1777ರಲ್ಲಿ ಇಂಥ ಲೆಕ್ಕವನ್ನು ಪ್ರಕಟಿಸಿದನು.

ಮೊದಲು ಸುಲಭದ್ದು. 20 ಮೀಟರ್ ಬದಿಯ ಚೌಕ ಹೊಲದ ನಟ್ಟನಡುವೆ ಗೂಟ ಬಡಿದು, 10 ಮೀಟರ್ ಹಗ್ಗದಿಂದ ಎಮ್ಮೆ ಕಟ್ಟಿದ್ದೀರಿ. ಗಾಳಿಯಲ್ಲಿ ಬಂದ ಕಾಂಗ್ರೆಸ್ ಕಸದ ಬೀಜ ಹೊಲದಲ್ಲಿ ಎಲ್ಲಿಯಾದರೂ ಬೀಳಬಹುದು. ಎಮ್ಮೆಗೆ ಎಟಕುವಲ್ಲಿ ಬೀಳುವ ಸಂಭವವೆಷ್ಟು? ವೃತ್ತ 3.14×10×10 = 314 ಚದರ ಮೀಟರ್, ಹೊಲ 400. ಉತ್ತರ 0.785. ಹಗ್ಗವನ್ನು ಅರ್ಧ ಮಾಡಿದರೆ ಸಂಭವ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಮಕ್ಕಳು ತಪ್ಪುವುದು ಇಲ್ಲಿಯೇ. (ಈ ಕಸ ತಿಂದ ದನದ ಹಾಲು ಕಹಿಯಾಗುವುದನ್ನು ನೀವು ಬಲ್ಲಿರಿ.)

ಈಗ ಅಂಕಲಗಿ ಕಡೆಯ ಒಂದು ಸಂಘವನ್ನು ಊಹಿಸಿಕೊಳ್ಳಿರಿ. ಅಲ್ಲಿ ಶೀತಲೀಕರಣ ಘಟಕವಿಲ್ಲ, ಹಾಲು ಕ್ಯಾನಿನಲ್ಲೇ ಹೋಗಬೇಕು. ಗಾಡಿ ಮುಂಜಾನೆ 6ರಿಂದ 7ರೊಳಗೆ ಯಾವ ಗಳಿಗೆಯಲ್ಲಾದರೂ ಬಂದು 15 ನಿಮಿಷ ನಿಲ್ಲುತ್ತದೆ. ನೀವೂ ಅದೇ ತಾಸಿನಲ್ಲಿ ಎಂದಾದರೂ ಬರುತ್ತೀರಿ. ಗಾಡಿ ಹೋದ ಮೇಲೆ ಬಂದರೆ ಆ ಹೊತ್ತಿನ ಹಾಲು ಮನೆಗೇ ವಾಪಸ್ಸು.

60×60ರ ಚೌಕ ಬರೆಯಿರಿ. ಅಡ್ಡಗೆರೆ ನೀವು ಬರುವ ನಿಮಿಷ, ಉದ್ದಗೆರೆ ಗಾಡಿ ಬರುವ ನಿಮಿಷ. ಒಳಗಿನ ಒಂದೊಂದು ಚುಕ್ಕೆಯೂ ಒಂದೊಂದು ಮುಂಜಾನೆ. ಗಾಡಿಗಿಂತ 15 ನಿಮಿಷಕ್ಕೂ ಹೆಚ್ಚು ತಡವಾದರೆ ಮಾತ್ರ ಹಾಲು ತಪ್ಪುತ್ತದೆ. ಆ ಚುಕ್ಕೆಗಳೆಲ್ಲ ಕೆಳಗಿನ ಬಲ ಮೂಲೆಯ ತ್ರಿಕೋನದಲ್ಲಿವೆ. ಅದರ ಎರಡು ಬದಿಗಳು 45, 45. ಕ್ಷೇತ್ರಫಲ 45×45÷2 = 1012.5. ಇದನ್ನು 3600ರಿಂದ ಭಾಗಿಸಿದರೆ 0.28. ಅಂದರೆ ನೂರು ಮುಂಜಾನೆಗೆ ಸುಮಾರು 28 ಸಲ ಹಾಲು ತಪ್ಪುತ್ತದೆ!

ಗಾಡಿ 30 ನಿಮಿಷ ನಿಂತರೆ? ತ್ರಿಕೋನ 450, ಸಂಭವ ಎಂಟರಲ್ಲಿ ಒಂದು. ಗಾಡಿ 15 ನಿಮಿಷವೇ ನಿಂತು, ನೀವೇ 6ರಿಂದ 6-30ರೊಳಗೆ ಬಂದರೆ? ಚೌಕ ಈಗ 30×60ರ ಆಯತ, ಅಂದರೆ 1800. ತ್ರಿಕೋನ 15×15÷2 = 112.5. ಹದಿನಾರರಲ್ಲಿ ಒಂದು. ಗಾಡಿಯವರನ್ನು ಕಾಡುವುದಕ್ಕಿಂತ ಅರ್ಧ ತಾಸು ಮೊದಲು ಹಿಂಡುವುದೇ ಲಾಭ.

ಒಂದು ಎಚ್ಚರಿಕೆ. ಎಲ್ಲ ಗಳಿಗೆಗಳೂ ಸಮಾನ ಸಂಭವವುಳ್ಳವಾದರೆ ಮಾತ್ರ ಕ್ಷೇತ್ರಫಲದ ಲೆಕ್ಕ ನಡೆಯುತ್ತದೆ. ನಿಮ್ಮೂರ ಗಾಡಿ ಹೆಚ್ಚಾಗಿ 6-10ಕ್ಕೇ ಬರುತ್ತಿದ್ದರೆ ಚುಕ್ಕೆಗಳು ಒಂದೇ ಕಡೆ ಗುಂಪಾಗುತ್ತವೆ, ಉತ್ತರ ಸುಳ್ಳಾಗುತ್ತದೆ. ಒಂದು ತಿಂಗಳು ಗಾಡಿಯ ವೇಳೆಯನ್ನು ವಹಿಯಲ್ಲಿ ಬರೆದಿಟ್ಟು ನೋಡಿರಿ.

ಮನೆಯ ಮಕ್ಕಳಿಗೊಂದು ಲೆಕ್ಕ: ಇಬ್ಬರೂ ಇಡೀ ತಾಸಿನಲ್ಲಿ ಎಂದಾದರೂ ಬಂದು, ಗಾಡಿ 20 ನಿಮಿಷ ನಿಂತರೆ ಹಾಲು ತಪ್ಪುವ ಸಂಭವವೆಷ್ಟು? (ಉತ್ತರ: 2/9)