ಬೂತ್ ಲೆಕ್ಕ ಬಲ್ಲವನಿಗೆ ಸುಂಕದ ಲೆಕ್ಕ ಕಷ್ಟವೇ?

ಮಗ, ನಮ್ಮ ರಾಮನಗರ ಸೀಮೆಯವರಿಗೆ ರಾಜಕೀಯ ಹೇಳಿಕೊಡುವವರು ಇನ್ನೂ ಹುಟ್ಟಿಲ್ಲ. ರಾಮನಗರದಿಂದ ಗೆದ್ದ ಕೆಂಗಲ್ ಹನುಮಂತಯ್ಯನವರು 1952ರಲ್ಲಿ ಮುಖ್ಯಮಂತ್ರಿಯಾಗಿ ವಿಧಾನಸೌಧ ಕಟ್ಟಿಸಿದರು. 1983ರಲ್ಲಿ ಶಾಸಕರಾಗುವ ಮೊದಲೇ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರನ್ನು ವಿಧಾನಸಭೆಗೆ ಕಳಿಸಿಕೊಟ್ಟದ್ದು ಕನಕಪುರ. ದೇವೇಗೌಡರು 1994ರಲ್ಲಿ ರಾಮನಗರದಲ್ಲಿ ಗೆದ್ದು ಮುಖ್ಯಮಂತ್ರಿಯಾದರು, ಎರಡು ವರ್ಷ ತುಂಬುವುದರೊಳಗೆ ದಿಲ್ಲಿಯಲ್ಲಿ ಪ್ರಧಾನಿಯಾಗಿ ಕೂತಿದ್ದರು. ಆಮೇಲೆ ಕುಮಾರಸ್ವಾಮಿಯವರು ಎರಡು ಸಲ ಮುಖ್ಯಮಂತ್ರಿ. 2023ರಲ್ಲಿ ಕನಕಪುರದ ಶಿವಕುಮಾರ್ ಉಪಮುಖ್ಯಮಂತ್ರಿ. ಇದೆಲ್ಲ ನಿನಗೆ ಬಾಯಿಪಾಠ. 2024ರ ನವೆಂಬರಿನ ಚನ್ನಪಟ್ಟಣ ಉಪಚುನಾವಣೆಯಲ್ಲಿ ಯೋಗೇಶ್ವರ್ ಕಡೆ ಎಷ್ಟು, ನಿಖಿಲ್ ಕಡೆ ಎಷ್ಟು ಅಂತ ಬೂತ್‌ವಾರು ಲೆಕ್ಕ ಹಾಕಿದವನು ನೀನು. ಪಕ್ಷದವರು ಹೇಳಿದ್ದನ್ನು ನಂಬದೆ, ಊರೂರಿಗೆ ಹೋಗಿ, ಜಗಲಿ ಮೇಲೆ ಕೂತು ಕೇಳಿಕೊಂಡು ಬಂದಿದ್ದೆ.

ಆದರೆ ಅಮೆರಿಕದ ಸುಂಕ, ಚೀನಾ, ಗಡಿ, ಎಐ ಅನ್ನೋ ಮಾತು ಬಂದ ತಕ್ಷಣ ಆ ಬುದ್ಧಿಯನ್ನು ಬದಿಗಿಟ್ಟುಬಿಡುತ್ತೀಯ. ಬೆಳಿಗ್ಗೆ ಫೋನಿನಲ್ಲಿ ಯಾರೋ ಹೇಳಿದ್ದು ಸಂಜೆಗೆ ನಿನ್ನ ಅಭಿಪ್ರಾಯ. ಹಣ್ಣಾಗದ ರೇಷ್ಮೆ ಹುಳವನ್ನು ಚಂದ್ರಿಕೆಗೆ ಬಿಟ್ಟರೆ ಗೂಡು ಹೇಗೆ ಬರುತ್ತೆ ಅಂತ ನಿಮ್ಮಮ್ಮನನ್ನು ಕೇಳು. ಅಭಿಪ್ರಾಯವೂ ಹಾಗೇ ಕಣಪ್ಪ. ನಿನಗೆ ಅಭಿಪ್ರಾಯ ಬೇಡ ಅಂತ ನಾನು ಹೇಳುತ್ತಿಲ್ಲ. ಬೂತ್ ಲೆಕ್ಕ ಹಾಕುವಾಗ ಪಟ್ಟ ಶ್ರಮದಲ್ಲಿ ಕಾಲು ಭಾಗವನ್ನು ಇದಕ್ಕೂ ಪಡು ಅನ್ನುತ್ತಿದ್ದೇನೆ. ದೊಡ್ಡ ಸುದ್ದಿ ಯಾವುದೇ ಇರಲಿ, ಅದು ನಮ್ಮ ತಾಲ್ಲೂಕಿನೊಳಕ್ಕೆ ಯಾವ ಬಾಗಿಲಿಂದ ಬರುತ್ತೆ, ಯಾರ ಜೇಬಿಗೆ ಕೈ ಹಾಕುತ್ತೆ ಅಂತ ಮೊದಲು ನೋಡು.

ರೇಷ್ಮೆಯಿಂದಲೇ ಶುರು ಮಾಡೋಣ, ನಾವು ತಿಂದ ಅನ್ನ ಅದು. 2011ರ ಫೆಬ್ರವರಿ 28ರಂದು ಪ್ರಣಬ್ ಮುಖರ್ಜಿಯವರು ಬಜೆಟ್ ಓದಿದರು. ಅದರಲ್ಲಿ ಒಂದು ಸಾಲು: ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ. ಟಿವಿಯವರು ಅವತ್ತು ಆದಾಯ ತೆರಿಗೆ ಮಿತಿ ಬಗ್ಗೆ ಮಾತಾಡುತ್ತಿದ್ದರು, ಈ ಸಾಲನ್ನು ಯಾರೂ ಓದಲಿಲ್ಲ. ಚೀನಾದ ನೂಲು ಅಗ್ಗವಾಗಿ ಒಳಗೆ ಬಂತು, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಲೆ ನೆಲಕಚ್ಚಿತು. ಸಾಲ ಮಾಡಿ ಮೊಟ್ಟೆ ತಂದು, ನಾಲ್ಕು ಜ್ವರ ದಾಟಿಸಿ, ರಾತ್ರಿ ಎದ್ದು ಸೊಪ್ಪು ಹಾಕಿ ಬೆಳೆದ ಗೂಡಿಗೆ ಸಾಕಣೆ ಖರ್ಚೂ ಹುಟ್ಟಲಿಲ್ಲ. ಹಿಪ್ಪುನೇರಳೆ ತೋಟವನ್ನೇ ಕಿತ್ತುಹಾಕಿದವರನ್ನು ನಾನು ಕಂಡಿದ್ದೇನೆ. ರೈತರು ಬೀದಿಗಿಳಿದರು. ಎರಡು ವರ್ಷದ ನಂತರ, 2013ರ ಬಜೆಟ್ಟಿನಲ್ಲಿ ಸುಂಕ ಶೇ 15ಕ್ಕೆ ಏರಿತು.

ಇದನ್ನು ಯಾಕೆ ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಸುಂಕ ಇಳಿಸಿದವರಿಗೂ ಒಂದು ಕಾರಣವಿತ್ತು. ಕಂಚಿ, ಬನಾರಸ್, ದೊಡ್ಡಬಳ್ಳಾಪುರದ ನೇಕಾರರು ನೂಲಿನ ಬೆಲೆ ಏರಿ ಮಗ್ಗ ನಿಲ್ಲಿಸುವ ಸ್ಥಿತಿಯಲ್ಲಿದ್ದರು. ಅವರ ಹೊಟ್ಟೆಯೂ ಹೊಟ್ಟೆಯೇ. ಸುಂಕ ಅನ್ನೋದು ಹೀಗೇ: ಒಬ್ಬನ ಕಾವಲು ಇನ್ನೊಬ್ಬನ ಭಾರ. ಇನ್ನೊಂದು ವಿಷಯ ಗಮನಿಸು. ನಮ್ಮಲ್ಲಿ ಒಳ್ಳೆಯ ದರ್ಜೆಯ ನೂಲು ತೆಗೆಯುವ ಆಟೊಮ್ಯಾಟಿಕ್ ರೀಲಿಂಗ್ ಯಂತ್ರಗಳು ಬಹುಪಾಲು ಚೀನಾದಿಂದ ಬಂದವು. ನೂಲು ಬಂದರೆ ನಮಗೆ ನಷ್ಟ, ಯಂತ್ರ ಬಂದದ್ದರಿಂದ ಬೈವೋಲ್ಟಿನ್ ತಳಿಯ ಗೂಡಿಗೆ ಬೆಲೆ. ಹಾಗಾಗಿ ‘ಚೀನಾ ಬಹಿಷ್ಕರಿಸಿ’ ಅಂತ ಒಂದೇ ಸಾಲು ಬರೆದು ಹಂಚುವ ಮುಂಚೆ, ಯಾವ ಚೀನಾ, ಯಾವ ಸರಕು, ಯಾವ ಸುಂಕ ಅಂತ ಕೇಳಿಕೋ. ಮಾರುಕಟ್ಟೆಯಲ್ಲಿ ಇ-ಹರಾಜು ನಡೆಯುವ ಹೊತ್ತಿಗೆ ಒಂದು ದಿನ ಹೋಗಿ ನಿಲ್ಲು. ಅಲ್ಲಿರುವ ಒಬ್ಬ ರೀಲರ್ ಹತ್ತು ನಿಮಿಷದಲ್ಲಿ ಹೇಳುವ ವಿದೇಶ ವ್ಯಾಪಾರದ ಪಾಠ ಯಾವ ವಿಡಿಯೊದಲ್ಲೂ ಇಲ್ಲ.

ಚನ್ನಪಟ್ಟಣದ ಗೊಂಬೆಯದೂ ಇದೇ ಕಥೆ, ಸ್ವಲ್ಪ ಬೇರೆ ತಿರುವು. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ 60ಕ್ಕೆ ಏರಿಸಿದರು, 2023ರಲ್ಲಿ 70. 2021ರ ಜನವರಿಯಿಂದ ಬಿಐಎಸ್ ಗುರುತಿಲ್ಲದ ಆಟಿಕೆ ಮಾರುವ ಹಾಗಿಲ್ಲ. ಭೌಗೋಳಿಕ ಗುರುತು ಪಡೆದ ಸರಕಿಗೂ, ನೋಂದಾಯಿತ ಕುಶಲಕರ್ಮಿಗಳಿಗೂ ಆ ನಿಯಮದಿಂದ ವಿನಾಯಿತಿ ಕೊಟ್ಟರು. ಅದು ಒಳ್ಳೆಯ ನಿರ್ಧಾರ, ಇಲ್ಲದಿದ್ದರೆ ಕಲಾನಗರದ ಸಣ್ಣ ಮನೆಗಳು ಪರೀಕ್ಷೆಯ ಖರ್ಚಿಗೇ ಬಾಗಿಲು ಹಾಕುತ್ತಿದ್ದವು. 2020ರ ಆಗಸ್ಟಿನ ‘ಮನದ ಮಾತು’ ಭಾಷಣದಲ್ಲಿ ಪ್ರಧಾನಿಯವರು ಚನ್ನಪಟ್ಟಣದ ಹೆಸರೆತ್ತಿದಾಗ ನಮಗೆಲ್ಲ ಹಿಗ್ಗಾಯಿತು. ಆಟಿಕೆ ಆಮದು ಅರ್ಧಕ್ಕಿಂತ ಹೆಚ್ಚು ಇಳಿದಿದೆ ಅಂತ ಕೇಂದ್ರವೇ ಲೆಕ್ಕ ಕೊಟ್ಟಿದೆ. ಆದರೂ ನನ್ನ ಅನಿಸಿಕೆ ಹೇಳಿಬಿಡುತ್ತೇನೆ: ಹೊರಗಿನ ಸರಕು ತಡೆದ ಮಾತ್ರಕ್ಕೆ ನಮ್ಮ ಲೇತ್ ತಿರುಗುವುದಿಲ್ಲ. ಆಲೆ ಮರ ಸಿಗಬೇಕು. ಅರಗು ಹಚ್ಚಿ, ಗರಿಯಲ್ಲಿ ಉಜ್ಜಿ ಹೊಳಪು ತರುವ ಕೈಗೆ ದಿನಗೂಲಿ ಗಿಟ್ಟಬೇಕು. ಬಿಡದಿಯ ಕಾರ್ಖಾನೆಯಲ್ಲಿ ತಿಂಗಳ ಸಂಬಳ ಸಿಗುವಾಗ ಹದಿನೆಂಟರ ಹುಡುಗ ಲೇತ್ ಮುಂದೆ ಯಾಕೆ ಕೂರುತ್ತಾನೆ? ಈ ಪ್ರಶ್ನೆಗೆ ಸುಂಕದಲ್ಲಿ ಉತ್ತರವಿಲ್ಲ.

2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಹೆಚ್ಚಿನ ಸರಕಿನ ಮೇಲೆ ಒಟ್ಟು ಶೇ 50 ಸುಂಕ ಹಾಕಿತು, ಅದರಲ್ಲಿ ಅರ್ಧ ರಷ್ಯಾದ ಎಣ್ಣೆ ಕೊಂಡದ್ದಕ್ಕೆ. ಅವತ್ತು ನೀನು ಎರಡು ದೇಶದ ನಾಯಕರಲ್ಲಿ ಯಾರು ಗಟ್ಟಿಗರು ಅಂತ ವಾದ ಮಾಡುತ್ತಿದ್ದೆ. ಚನ್ನಪಟ್ಟಣದಿಂದ ಗೊಂಬೆ ಹೊರದೇಶಕ್ಕೆ ಕಳಿಸುವವರನ್ನು ‘ಆರ್ಡರ್ ಏನಾಯಿತು’ ಅಂತ ಕೇಳಿದ್ದರೆ ವಾದಕ್ಕೆ ಹುರುಳು ಬರುತ್ತಿತ್ತು.

ಇನ್ನು ಭದ್ರತೆಯ ಮಾತು. ಇದರಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು ಪ್ರವಾಸಿಗರನ್ನು ಕೊಂದರು, ಮೇ 7ರಂದು ನಮ್ಮ ಸೇನೆ ಆಪರೇಷನ್ ಸಿಂಧೂರ ನಡೆಸಿತು. ಅಲ್ಲಿಂದ ನಾಲ್ಕು ದಿನ ಎಲ್ಲರ ಫೋನಿಗೂ ಬಂದ ಯುದ್ಧದ ವಿಡಿಯೊಗಳಲ್ಲಿ ಎಷ್ಟೋ ಬೇರೆ ದೇಶದ ಹಳೇ ಚಿತ್ರಗಳು, ಕೆಲವು ಕಂಪ್ಯೂಟರ್ ಗೇಮಿನವು, ಕೆಲವು ಎಐನಿಂದ ಮಾಡಿದವು. ಸರ್ಕಾರದ ವಾರ್ತಾ ಸಂಸ್ಥೆ ಪಿಐಬಿಯೇ ಅವುಗಳಲ್ಲಿ ಹಲವನ್ನು ಸುಳ್ಳು ಅಂತ ಹೇಳಬೇಕಾಯಿತು. ಸುಳ್ಳು ವಿಡಿಯೊ ಹಂಚಿದವನು ಸೈನಿಕನಿಗೆ ಉಪಕಾರ ಮಾಡಿದ ಹಾಗಾಗುವುದಿಲ್ಲ, ಶತ್ರುವಿನ ಕೆಲಸ ಹಗುರ ಮಾಡಿದ ಹಾಗಾಗುತ್ತೆ. ಅದಕ್ಕಿಂತ ನನಗೆ ಚಿಂತೆ ಹುಟ್ಟಿಸುವುದು ಇನ್ನೊಂದು. ಇಂಥ ಹೊತ್ತಲ್ಲಿ ಗಡಿಯಾಚೆಯ ಸಿಟ್ಟು ಪಕ್ಕದ ಬೀದಿಗೆ ತಿರುಗಿಕೊಳ್ಳುತ್ತೆ. ನಮ್ಮೂರ ಬದುಕು ಹೇಗಿದೆ ನೋಡು: ಗೂಡು ಬೆಳೆಯುವವರಲ್ಲಿ ಹೆಚ್ಚಿನವರು ಒಕ್ಕಲಿಗರು, ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ಮುಸ್ಲಿಮರು. ಒಬ್ಬರು ಬಿಟ್ಟರೆ ಇನ್ನೊಬ್ಬರಿಗೆ ಒಲೆ ಹೊತ್ತುವುದಿಲ್ಲ. ಚನ್ನಪಟ್ಟಣದ ಗೊಂಬೆ ಕೆಲಸದಲ್ಲೂ ಅಷ್ಟೇ, ಹೊಸ ಕಾಲದ ಗೊಂಬೆಗೆ ಜಪಾನಿನ ಅರಗಿನ ಕೆಲಸದ ವರಸೆ ಕಲಿಸಿದ ಬಾವಾಸ್ ಮಿಯಾನ್ ಅವರನ್ನು ಊರು ಇವತ್ತಿಗೂ ನೆನೆಯುತ್ತೆ. ರಾಮನಗರದಲ್ಲಿ ಈ ನಂಟು ಕೆಟ್ಟರೆ ಅದನ್ನು ಯಾವ ಸೇನೆಯೂ ಕಾಯಲಾರದು. ಹಂಚುವ ಗುಂಡಿ ಒತ್ತುವ ಮುಂಚೆ ಇದನ್ನು ನೆನಪಿಡು.

ಮನೆಯೊಳಗಿನ ಭದ್ರತೆಯೂ ಇದೆ. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಅಂತ ಹೆದರಿಸುವವರು ಇದ್ದಾರೆ. ನಮ್ಮ ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಮಕ್ಕಳ ದನಿಯನ್ನು ಎಐನಲ್ಲಿ ನಕಲು ಮಾಡಿ ದುಡ್ಡು ಕೇಳುವುದೂ ಈಗ ಆಗುತ್ತಿದೆ. ಗೂಡು ಮಾರಿದ ದುಡ್ಡು ಈಗ ನೇರ ಬ್ಯಾಂಕ್ ಖಾತೆಗೆ ಬರುತ್ತಲ್ಲ, ಆ ಖಾತೆಯ ಫೋನ್ ಇರುವುದು ನಿಮ್ಮಪ್ಪನ ಜೇಬಲ್ಲಿ. 1930 ಅನ್ನೋ ಸೈಬರ್ ವಂಚನೆಯ ಸಹಾಯವಾಣಿ ಸಂಖ್ಯೆಯನ್ನು ಅವರ ಫೋನಿನಲ್ಲಿ ಬರೆದಿಡು. ದುಡ್ಡು ಹೋದ ಮೊದಲ ಗಂಟೆಯಲ್ಲೇ ಕರೆ ಮಾಡಿದರೆ ತಡೆಹಿಡಿಯುವ ಅವಕಾಶ ಹೆಚ್ಚು.

ಈಗ ಬಿಡದಿಗೆ ಬರೋಣ, ನಿನ್ನ ಮನಸ್ಸಲ್ಲಿರುವುದೂ ಅದೇ ಅಂತ ಗೊತ್ತು. 2006ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಬಿಡದಿಯಲ್ಲಿ ಉಪನಗರ ಅಂತ ಹೇಳಿತು. ಆಗಿಂದ ಅಲ್ಲಿನ ಹಳ್ಳಿಗಳ ಜನ ಮಾರಲೂ ಆಗದೆ ಕಟ್ಟಲೂ ಧೈರ್ಯವಿಲ್ಲದೆ ಅತಂತ್ರವಾಗಿ ಬದುಕಿದರು. 2025ರಲ್ಲಿ ಅದೇ ನೆಲಕ್ಕೆ ಗ್ರೇಟರ್ ಬೆಂಗಳೂರು ಸಮಗ್ರ ಉಪನಗರ ಅಂತ ಅಧಿಸೂಚನೆ ಬಂತು, ದೇಶದ ಮೊದಲ ಎಐ ನಗರ ಅನ್ನುವ ಘೋಷಣೆಯೂ ಬಂತು. ಭೈರಮಂಗಲದ ಸುತ್ತ ಒಂಬತ್ತು ಹಳ್ಳಿ, ಒಂಬತ್ತು ಸಾವಿರ ಎಕರೆ ಆಸುಪಾಸು. ರೈತರು ಧರಣಿ ಕೂತರು. ಅವತ್ತು ತಂದವರು ಇವತ್ತು ವಿರೋಧಿಸುತ್ತಾರೆ, ಅವತ್ತು ವಿರೋಧಿಸಿದವರು ಇವತ್ತು ತರುತ್ತಾರೆ. ಇದರಲ್ಲಿ ಯಾರ ಪರ ನಿಲ್ಲಬೇಕು ಅಂತ ಪಕ್ಷ ನೋಡಿ ತೀರ್ಮಾನ ಮಾಡಬೇಡ. ನಾನು ಕೇಳುವ ಪ್ರಶ್ನೆಗಳು ಬೇರೆ. ಎಐ ನಡೆಸುವ ಡೇಟಾ ಸೆಂಟರುಗಳನ್ನು ತಣ್ಣಗಿಡಲು ನೀರು, ಹಗಲೂ ರಾತ್ರಿ ವಿದ್ಯುತ್ತು ಬೇಕು. ಅಂಥವು ಇಲ್ಲಿಗೆ ಬರುವುದಾದರೆ, ವೃಷಭಾವತಿಯ ಕೊಳಕನ್ನು ತುಂಬಿಕೊಂಡಿರುವ ಭೈರಮಂಗಲ ಕೆರೆಯ ಪಕ್ಕ ಆ ನೀರು ಎಲ್ಲಿಂದ ತರುತ್ತಾರೆ? ಕಟ್ಟಡ ಮುಗಿದ ಮೇಲೆ ಅಲ್ಲಿ ಎಷ್ಟು ಜನಕ್ಕೆ, ಎಂಥ ಕೆಲಸ? ಜಮೀನು ಕೊಟ್ಟ ಮನೆಯ ಹುಡುಗಿಗೆ ಅದರಲ್ಲಿ ಕಾವಲಿನ, ಕಸದ ಕೆಲಸಕ್ಕಿಂತ ಮೇಲಿನದು ಸಿಗುವ ಹಾಗೆ ತರಬೇತಿ ಇವತ್ತೇ ಶುರುವಾಗಿದೆಯಾ? ಹೊಲವಿಲ್ಲದೆ ಕೂಲಿ ಮಾಡುವವರಿಗೆ ಏನು ಕೊಡುತ್ತಾರೆ? ಉತ್ತರ ಬರಹದಲ್ಲಿ ಬೇಕು, ವೇದಿಕೆಯ ಮಾತಿನಲ್ಲಿ ಬೇಡ.

ಬಿಡದಿಗೆ ಕಾರ್ಖಾನೆ ಬಂದದ್ದರಿಂದ ನಮ್ಮ ಹುಡುಗರಿಗೆ ಅನ್ನ ಸಿಕ್ಕಿದೆ, ಅದನ್ನು ಮರೆತು ಮಾತಾಡುವವನಲ್ಲ ನಾನು. ಎಐಯನ್ನೂ ದೂರ ಇಡು ಅನ್ನುವುದಿಲ್ಲ. ಇಂಗ್ಲಿಷಿನ ಅಧಿಸೂಚನೆಯನ್ನು ಕನ್ನಡದಲ್ಲಿ ವಿವರಿಸು ಅಂದರೆ ಅದು ವಿವರಿಸುತ್ತೆ. ಭೂಸ್ವಾಧೀನದ 2013ರ ಕಾಯ್ದೆಯಲ್ಲಿ ರೈತನಿಗೆ ಏನೇನು ಹಕ್ಕಿದೆ ಅಂತ ಕೇಳು, ಹೇಳುತ್ತೆ. ಹಿಂದೆ ಇದಕ್ಕೆ ವಕೀಲರ ಮನೆ ಬಾಗಿಲು ಕಾಯಬೇಕಿತ್ತು. ಆದರೆ ಅದು ಗೊತ್ತಿಲ್ಲದ್ದನ್ನೂ ಗೊತ್ತಿರುವವರ ಧಾಟಿಯಲ್ಲೇ ಹೇಳುತ್ತೆ. ಇಲ್ಲದ ಕಲಂ ಸಂಖ್ಯೆ ಹುಟ್ಟಿಸಿ ಕೊಡುತ್ತೆ. ಅದು ಹೇಳಿದ್ದನ್ನು ಕಾಗದದ ಮೂಲ ಪ್ರತಿಯ ಜೊತೆ ಸಾಲು ಸಾಲಾಗಿ ತಾಳೆ ನೋಡದೆ ಊರಿನವರ ಮುಂದೆ ಬಾಯಿ ಬಿಡಬೇಡ. ನಿನ್ನ ಮಾತು ನಂಬಿ ಯಾರಾದರೂ ಆಕ್ಷೇಪಣೆಯ ಗಡುವು ತಪ್ಪಿಸಿಕೊಂಡರೆ ಆ ಪಾಪ ಎಐಗೆ ಅಂಟುವುದಿಲ್ಲ.

2025ರ ಮೇ 22ರಂದು ಸಚಿವ ಸಂಪುಟ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟಿತು. ಪರ ವಿರೋಧ ಎಷ್ಟು ಕೂಗಾಟ! 2007ರಲ್ಲಿ ಜಿಲ್ಲೆಯಾದಾಗಿನ ಹೆಸರು ನನಗೂ ಪ್ರೀತಿಯದೇ, ಬದಲಾಯಿಸಿದ್ದು ನನಗೆ ಹಿಡಿಸಿಲ್ಲ. ಆದರೆ ಹೆಸರಿಗಾಗಿ ತಿಂಗಳುಗಟ್ಟಲೆ ಕೂಗಿದ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದೆ. ಪೋಡಿ ಆಗಿಲ್ಲ. ಅತ್ತೆಯರ ಪಾಲು ಎಷ್ಟು ಅಂತ ಯಾರೂ ಮಾತಾಡಿಲ್ಲ, 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ ಅನ್ನೋದು ಗೊತ್ತಿದ್ದೂ ಸುಮ್ಮನಿದ್ದಾರೆ. ಎಐ ನಗರ ಬರಲಿ, ರಿಂಗ್ ರಸ್ತೆ ಬರಲಿ, ಏನೂ ಬಾರದೇ ಇರಲಿ, ಪರಿಹಾರ ಕೇಳಲಿಕ್ಕೂ, ಜಮೀನು ಕೊಡುವುದಿಲ್ಲ ಅಂತ ಕೋರ್ಟಿಗೆ ಹೋಗಲಿಕ್ಕೂ ಮೊದಲು ಬೇಕಾದದ್ದು ಹೆಸರಿರುವ ಪಹಣಿ. ಅದಿಲ್ಲದವನ ಕೂಗಿಗೆ ಕಚೇರಿಯಲ್ಲಿ ಬೆಲೆಯಿಲ್ಲ, ಮಧ್ಯವರ್ತಿಗೆ ಮಾತ್ರ ಅವನು ಬೇಕು.

ಆದ್ದರಿಂದ ಮಗ, ಮಾಗಡಿಯ ನಮ್ಮ ಹೊಲದ ಕಾಗದ ಪತ್ರ ಒಟ್ಟು ಮಾಡು. ತಾತನ ಮರಣ ಪ್ರಮಾಣ ಪತ್ರ, ವಂಶವೃಕ್ಷ ತೆಗೆದುಕೊಂಡು ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಹಾಕು. ಅದಕ್ಕೂ ಮುಂಚೆ ನಿನ್ನ ಇಬ್ಬರು ಅತ್ತೆಯರನ್ನು ಮನೆಗೆ ಕರೆದು, ಅವರೆದುರಿಗೇ ಪಾಲಿನ ಮಾತಾಡಿ, ಅವರ ಹೆಸರನ್ನೂ ಸೇರಿಸು.