ಘಟ್ಟಕ್ಕೆ ತುಡುವೆಯೇ ಸರಿ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿದ್ದುಕೊಂಡು ಯಲ್ಲಾಪುರದ ಕಾಡಂಚಿನ ತೋಟದಲ್ಲಿ ಜೇನು ಸಾಕಲು ಹೊರಟಿದ್ದೀರಿ. ಹೊರನಾಡಿನ ಮೆಲ್ಲಿಫೆರಾ ಜೇನು ಬೇಡ, ನಾಡಿನ ತುಡುವೆ ಜೇನಿನಿಂದಲೇ ಆರಂಭಿಸಿ. ಮೆಲ್ಲಿಫೆರಾ ಹೆಚ್ಚು ತುಪ್ಪ ಕೊಡುವುದು ನಿಜ. ಆದರೆ ಅದು ಬಯಲಿನ ಸೂರ್ಯಕಾಂತಿ ಹೂವನ್ನು ಅರಸಿ ಪೆಟ್ಟಿಗೆ ಸಾಗಿಸಬಲ್ಲವರಿಗೆ ಒಗ್ಗುವ ಹುಳ. ಘಟ್ಟದ ಮಳೆಗಾಲದಲ್ಲಿ ಹೂವು ಕಡಿಮೆ, ಹಾರಾಟಕ್ಕೆ ಬಿಡುವೂ ಇಲ್ಲ. ಮೆಲ್ಲಿಫೆರಾದ ದೊಡ್ಡ ಕುಟುಂಬಕ್ಕೆ ಹಸಿವೂ ದೊಡ್ಡದು. ತುಡುವೆ ಈ ಕಾಡಿನದೇ. ಅದಕ್ಕೂ ಆಗ ಸಕ್ಕರೆ ಪಾಕ ಬೇಕು, ಆದರೆ ಕಡಿಮೆ ಸಾಕು.

1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ತುಡುವೆಯನ್ನೇ ಬಲಿ ತೆಗೆದುಕೊಂಡಿತಲ್ಲ ಎನ್ನಬಹುದು. ಹೌದು, ಬಹುಪಾಲು ಕುಟುಂಬಗಳು ಅಳಿದವು; ಉಳಿದವುಗಳಿಂದಲೇ ಸಾಕಣೆ ಮತ್ತೆ ಚಿಗುರಿತು. ಅದಕ್ಕೇ ದೂರದ ಪೆಟ್ಟಿಗೆ ತರದೆ, ಮಳೆ ನಿಂತ ಮೇಲೆ, ಅಕ್ಟೋಬರ್–ನವೆಂಬರಿನಲ್ಲಿ, ಯಲ್ಲಾಪುರದ ಸಾಕಣೆದಾರರಿಂದಲೇ ಎರಡು ಬಲವಾದ ಕುಟುಂಬ ಕೊಳ್ಳಿ. ವಾರಕ್ಕೊಮ್ಮೆ ಹೋಗಲಾಗದಿದ್ದರೆ ಅವರನ್ನೇ ಪಾಲುದಾರರನ್ನಾಗಿ ಮಾಡಿಕೊಳ್ಳಿ.